ಆಲೆಮನೆಯ ಕೊಪ್ಪರಿಗೆಯಲ್ಲಿ ಕುದಿಸಿದ ನೂಲು

ಬಣ್ಣ ಮತ್ತು ನೇಯ್ಗೆ ಕಲಿಸುವ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಆಗಾಗ ನನ್ನನ್ನು ಕಾಣಲು ಬರುತ್ತಾರೆ. ಅವರು ಕೇಳುವುದು ಎರಡೇ ಪ್ರಶ್ನೆ. ನೂಲಿಗೆ ಬಣ್ಣ ಯಾಕೆ ಸಮನಾಗಿ ಹತ್ತುವುದಿಲ್ಲ? ಮಕ್ಕಳು ಯಾಕೆ ಹೇಳಿದ ಮಾತು ಕೇಳುವುದಿಲ್ಲ? ಮೊದಲನೆಯದಕ್ಕೆ ನನ್ನ ಉತ್ತರ ಒಂದು ಸಾಲಿನದು: ನೂಲನ್ನು ಸರಿಯಾಗಿ ತೊಳೆದಿಲ್ಲ, ಮತ್ತೆ ತೊಳೆಯಿರಿ. ಎರಡನೆಯದಕ್ಕೆ ಉತ್ತರ ಅಷ್ಟು ಚಿಕ್ಕದಲ್ಲ. ಅದಕ್ಕಾಗಿಯೇ ಇದನ್ನು ಬರೆಯಲು ಕೂತಿದ್ದೇನೆ.

ನನ್ನ ಊರು ದಾಸನಕೊಪ್ಪ. ಧಾರವಾಡದ ತರಬೇತಿ ಶಾಲೆಯಲ್ಲಿ ಎರಡು ವರ್ಷ ಇದ್ದು ನೇಯ್ಗೆ ಕಲಿತೆ. ಅಲ್ಲಿ ಏಳುವುದಕ್ಕೆ ಗಂಟೆ, ಪ್ರಾರ್ಥನೆಗೆ ಗಂಟೆ, ಮಗ್ಗಕ್ಕೆ ಕೂರುವುದಕ್ಕೆ ಗಂಟೆ, ಏಳುವುದಕ್ಕೆ ಗಂಟೆ. ತಡವಾಗಿ ಬಂದವರು ಊಟದ ಸಾಲಿನ ಕೊನೆಗೆ ನಿಲ್ಲಬೇಕು. ಎರಡು ವರ್ಷದಲ್ಲಿ ನಾನು ಒಂದು ದಿನವೂ ಕೊನೆಗೆ ನಿಲ್ಲಲಿಲ್ಲ. ಆ ಶಿಸ್ತು ನನಗೆ ಅನ್ನ ಕೊಟ್ಟಿದೆ, ಅದನ್ನು ಹಳಿಯುವುದಿಲ್ಲ. ಆದರೆ ಅದು ನನ್ನ ಕೈಯಿಂದ ಮಾಡಿಸಿದ ಒಂದು ತಪ್ಪನ್ನೂ ಮುಚ್ಚಿಡುವುದಿಲ್ಲ.

ರಾಜ್ಯ ಒಂದಾದ ವರ್ಷ ನಾನು ಶಿರಸಿಯ ನೇಯ್ಗೆ ಕೇಂದ್ರದಲ್ಲಿ ಹೊಸಬಳು. ಮುಂಬಯಿ ಸರಕಾರದ ಕಾಲದ ವರದಿ ನಮೂನೆಗಳು ಕಪಾಟಿನ ತುಂಬ ಉಳಿದಿದ್ದವು. ಅವು ಮುಗಿಯುವವರೆಗೆ ಅವನ್ನೂ ತುಂಬಬೇಕು, ಹೊಸ ಸರಕಾರದವನ್ನೂ ತುಂಬಬೇಕು. ಒಂದೇ ಪಂಚೆಯ ನೇಯ್ಗೆಯನ್ನು ಎರಡು ಸಲ ಬರೆದು ನನ್ನ ಅಕ್ಷರ ದುಂಡಗಾಯಿತು. ಆಗಿನ ನಮ್ಮ ಮೇಲಧಿಕಾರಿ ಕರಾವಳಿ ಕಡೆಯ ಹಿರಿಯರು. ಹೇಳದೆ ಕೇಳದೆ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ನಾನು ಗಡಬಡಿಸಿ ಮಗ್ಗದ ಕಡೆ ಕರೆದರೆ, "ಮಗ್ಗ ಎಲ್ಲಿ ಓಡಿಹೋಗ್ತದೆ ಬಾಯೀ? ಮೊದಲು ನಿಮ್ಮ ಪೊರಕೆ ಎಲ್ಲಿಡ್ತೀರಿ, ಅದನ್ನು ತೋರ್ಸಿ" ಎನ್ನುತ್ತಿದ್ದರು. ಪೊರಕೆ ಮೊಳೆಗೆ ತೂಗಿದ್ದರೆ ಮುಖ ಅರಳುತ್ತಿತ್ತು. ನೆಲದ ಮೇಲೆ ಬಿದ್ದಿದ್ದರೆ ಅವತ್ತು ಚಹಾ ಕೂಡ ಕುಡಿಯದೆ ಹೋಗುತ್ತಿದ್ದರು. ಅವರಿಂದಾಗಿ ನನ್ನ ಶಿಸ್ತಿಗೆ ಇನ್ನೊಂದು ಗಂಟು ಬಿತ್ತು.

ಆ ಕಾಲಕ್ಕೆ ನಾವು ಬಣ್ಣ ಹಾಕುತ್ತಿದ್ದುದು ಪೇಟೆಯ ಪೊಟ್ಟಣಗಳಿಂದ. ಕಬ್ಬಿಣದ ಡ್ರಮ್ಮಿನಲ್ಲಿ ನೀರು ಕಾಯಿಸುವುದು, ಪೊಟ್ಟಣ ಒಡೆದು ಸುರಿಯುವುದು, ಗಡಿಯಾರ ನೋಡಿ ನೂಲು ತೆಗೆಯುವುದು. ಕೆಂಪು ಅಂದರೆ ಕೆಂಪೇ. ಆ ಹಿರಿಯರು ನಿವೃತ್ತರಾದ ಮೇಲೆ ಮೈಸೂರು ಕಡೆಯ ಒಬ್ಬ ಅಧಿಕಾರಿ ಬಂದರು. ವಯಸ್ಸಿನಲ್ಲಿ ಚಿಕ್ಕವರು, ಮಾತು ಮೆತ್ತಗೆ. "ಇಷ್ಟು ದೊಡ್ಡ ಕಾಡು ಇಟ್ಕೊಂಡು ಬಣ್ಣಕ್ಕೆ ಪೇಟೆಗೆ ಹೋಗೋದೇನಮ್ಮಾ? ಊರಲ್ಲಿ ಸಿಗೋದ್ರಿಂದ್ಲೇ ಮಾಡಿ ತೋರ್ಸಿ" ಎಂದರು. ಶಾಲೆ ಬಿಟ್ಟು ಮನೆಯಲ್ಲಿರುವ ಹದಿನಾಲ್ಕರಿಂದ ಹದಿನೇಳು ವಯಸ್ಸಿನ ಮಕ್ಕಳಿಗೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿನಲ್ಲಿ ಆರಾರು ವಾರದ ಶಿಬಿರ ಮಾಡಬೇಕೆಂದು ಆದೇಶವಾಯಿತು. ಗಿಡ, ತೊಗಟೆ, ಕಾಯಿಗಳ ಬಣ್ಣದ ಬಗ್ಗೆ ನನಗೆ ಗೊತ್ತಿದ್ದುದು ತರಬೇತಿ ಶಾಲೆಯ ಟಿಪ್ಪಣಿ ಪುಸ್ತಕದ ಎರಡು ಪುಟ. ಅದನ್ನು ಯಾರಿಗೂ ಹೇಳಲಿಲ್ಲ.

ಮೊದಲ ಶಿಬಿರ ಸಿದ್ದಾಪುರದಲ್ಲಿ. ಅರಿಶಿನದಲ್ಲಿ ನೂಲು ಅದ್ದಿ, ಬಂಗಾರದಂತಾಯಿತೆಂದು ಹಿಗ್ಗಿ, ಬಿಸಿಲಿಗೆ ಹರವಿದೆ. ಸಂಜೆಗೆ ಮೇಲ್ಮೈ ಬಿಳಚಿಕೊಂಡು, ಒಳಮೈ ಮಾತ್ರ ಹಳದಿ ಉಳಿಯಿತು. ಒಬ್ಬ ಹುಡುಗಿ ನೂಲಿನ ಲಡಿಯನ್ನು ಎತ್ತಿ ನೋಡಿ, "ಮದಲಗಿತ್ತಿಗೆ ಹಚ್ಚಿದ ಅರಿಶಿನ ಆದ್ರೂ ಇದಕ್ಕಿಂತ ಎರಡು ದಿನ ಹೆಚ್ಚು ಇರ್ತದೆ ಅಕ್ಕೋರೆ" ಎಂದಳು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಮಾರನೆಯ ದಿನದಿಂದ ಒಂದು ನಿಯಮ ತಂದೆ: ಕೆಲಸದ ಹೊತ್ತಿನಲ್ಲಿ ಮಾತಿಲ್ಲ. ಏನು ಕೇಳುವುದಿದ್ದರೂ, ಹೇಳುವುದಿದ್ದರೂ ನಾಲ್ಕು ಗಂಟೆಗೆ. ನಾಲ್ಕರಿಂದ ನಾಲ್ಕೂವರೆ ಪ್ರಶ್ನೆಗಳ ಸಮಯ. ನೋಡುವವರಿಗೆ ಅದು ಶಿಸ್ತು. ನಿಜ ಹೇಳಬೇಕೆಂದರೆ, ಉತ್ತರ ಗೊತ್ತಿಲ್ಲದ ಪ್ರಶ್ನೆಗಳಿಂದ ತಪ್ಪಿಸಿಕೊಳ್ಳಲು ನಾನು ಕಟ್ಟಿಕೊಂಡ ಬೇಲಿ.

ಐವತ್ತೆಂಟರ ಚಳಿಗಾಲದಲ್ಲಿ ಯಲ್ಲಾಪುರ ತಾಲೂಕಿನ ಉಮ್ಮಚಗಿಯಲ್ಲಿ ಶಿಬಿರ. ಶಾಲೆಯ ಪಕ್ಕದ ಉದ್ದನೆಯ ಚಪ್ಪರದಲ್ಲಿ ಎರಡು ಮಗ್ಗ ಹೂಡಿದೆ. ಹದಿನೆಂಟು ಮಕ್ಕಳು. ಅಡಿಕೆ ತೋಟದ ಮನೆಗಳವರು, ಗದ್ದೆ ಗೇಯುವ ಮನೆಗಳವರು, ಎಲ್ಲ ಒಂದೇ ಚಪ್ಪರದಲ್ಲಿ. ಎಲ್ಲರೂ ಸೇರಿ ಒಂದೇ ಬಟ್ಟೆ ನೇಯಬೇಕೆಂಬುದು ಅಧಿಕಾರಿಗಳ ಆಸೆ. ಉದ್ದಕ್ಕೆ ಬಿಳಿ ನೂಲಿನ ಒಂದೇ ಹಾಸು, ಅಡ್ಡಕ್ಕೆ ಬಣ್ಣದ ಹೊಕ್ಕು. ಪ್ರತಿಯೊಬ್ಬರದೂ ಒಂದೊಂದು ಮೊಳ.

ಅದಕ್ಕೆ ಮೊದಲ ಅಡ್ಡಿ ಬಂದದ್ದು ಗಂಜಿಯಿಂದ. ಹಾಸು ನೂಲಿಗೆ ಅಕ್ಕಿ ಗಂಜಿ ಹಚ್ಚದಿದ್ದರೆ ಎಳೆ ಹರಿಯುತ್ತದೆ. ಆದರೆ ಮಡಿಯವರಿಗೆ ಬೆಂದ ಅಕ್ಕಿ ಅಂದರೆ ಮುಸುರೆ, ಮೈಲಿಗೆ. ಬೇರೆಯವರು ಬೇಯಿಸಿದ ಮುಸುರೆ ಹಚ್ಚಿದ ನೂಲನ್ನು ತೋಟದ ಮನೆಯ ಹುಡುಗಿಯರು ಹೇಗೆ ಮುಟ್ಟಬೇಕು? ಎರಡು ದಿನ ಆರು ಮಕ್ಕಳು ಬರಲಿಲ್ಲ. ಊರಿನ ದೊಡ್ಡ ಮನೆ ಸುಬ್ರಾಯ ಭಟ್ಟರದು. ಅವರ ಮಗಳು ಸಾವಿತ್ರಿಯೂ ಶಿಬಿರದಲ್ಲಿದ್ದಳು. ನಾನು ಅಲ್ಲಿಗೆ ಹೋದೆ. ಭಟ್ಟರ ತಾಯಿ, ಎಂಬತ್ತರ ಅಜ್ಜಿ, ಎಲ್ಲ ಕೇಳಿಕೊಂಡು, "ಗಂಜಿ ಒಣಗಿದ ಮೇಲೆ ಅದು ನೂಲೋ, ಅನ್ನವೋ?" ಎಂದರು. ನೂಲು ಎಂದೆ. "ಹಂಗಾರೆ ಎಂತ ತ್ರಾಸು? ನೂಲಿಗೆ ಮುಸುರೆ ಇಲ್ಲೆ. ಅನ್ನ ಹೇಳಿ ಯಾರಾದ್ರೂ ಉಂಬಲೆ ಕೂತ್ರೆ ಮಾತ್ರ ಕರಿ, ಆನು ನೋಡ್ತೆ." ಮಾರನೆಯ ದಿನ ಆರೂ ಮಕ್ಕಳು ಬಂದರು.

ಶಿಬಿರದಲ್ಲಿ ಗೌರಿ ಎಂಬ ಹುಡುಗಿ ಇದ್ದಳು. ಹದಿನೈದು ವರ್ಷ. ತಂದೆ ಭಟ್ಟರ ಗದ್ದೆ ಗೇಯುತ್ತಿದ್ದ. ತಾಯಿ ದ್ಯಾವಮ್ಮ ಅವರ ಮನೆಯಲ್ಲಿ ಅಡಿಕೆ ಸುಲಿಯುತ್ತಿದ್ದಳು. ಗೌರಿಯ ಕೈಗೆ ಲಾಳಿ ಕೊಟ್ಟರೆ ಹುಟ್ಟಿನಿಂದ ಹಿಡಿದವಳಂತೆ ಓಡಿಸುವಳು. ಶಿಬಿರ ಮುಗಿಯುವ ದಿನ ಅಧಿಕಾರಿಗಳು ಬಂದು ಒಬ್ಬರನ್ನು ಆರಿಸಿ ಒಂದು ವರ್ಷದ ತರಬೇತಿಗೆ ಧಾರವಾಡಕ್ಕೆ ಕಳಿಸುವವರಿದ್ದರು. ಊಟ, ವಸತಿ ಸರಕಾರದ್ದು. ಅದು ಗೌರಿಗೇ ಸಿಗುವುದೆಂದು ನಾನು ಮೂರನೆಯ ದಿನವೇ ಮನಸ್ಸಿನಲ್ಲಿ ಬರೆದುಕೊಂಡಿದ್ದೆ. ಅವಳಿಗೂ ಅದು ಗೊತ್ತಿತ್ತು. ಆದರೆ ಅವಳು ಗಡಿಯಾರ ನೋಡುವವಳಲ್ಲ. ನೂಲು ತೊಳೆದದ್ದು ಸಾಕೋ ಎಂದು ಕೇಳಿದರೆ ಮೂಸಿ ನೋಡಿ ಹೇಳುವಳು. ಅದು ನನಗೆ ಸೇರುತ್ತಿರಲಿಲ್ಲ.

ಮೂರನೆಯ ವಾರ ಬಣ್ಣದ ಪಾಠ. ಅದು ಅಡಿಕೆ ಬೇಯಿಸುವ ಕಾಲ. ಹಸಿ ಅಡಿಕೆ ಸುಲಿದು ಬೇಯಿಸಿದ ನೀರು ಮತ್ತೆ ಮತ್ತೆ ಕುದಿದು ಗಟ್ಟಿಯಾದರೆ ಅದೇ ಚೊಗರು. ಅಡಿಕೆಗೆ ಕೆಂಪು ಕೊಡುವುದು ಅದು. ಅಡಿಕೆಗೆ ಹತ್ತುವುದು ನೂಲಿಗೆ ಯಾಕೆ ಹತ್ತಬಾರದು ಎಂದು ನನ್ನ ಲೆಕ್ಕ. ಮಕ್ಕಳು ಮನೆಗಳಿಂದ ಒಂದೊಂದು ತಂಬಿಗೆ ಚೊಗರು ತಂದರು. ಕುದಿಸಲು ದೊಡ್ಡ ಪಾತ್ರೆ ಬೇಕು. ಭಟ್ಟರನ್ನು ಕೇಳಿದೆ.

"ತಾಮ್ರದ್ದು ಒಂದೂ ಖಾಲಿ ಇಲ್ಲೆ ಅಕ್ಕೋರೆ. ಅಡಿಕೆ ಮುಗಿಯವರೆಗೆ ಎಲ್ಲ ಒಲೆ ಮೇಲೇ ಇರ್ತು. ಆಲೆಮನೆ ಕೊಪ್ಪರಿಗೆ ಸುಮ್ನೆ ಬಿದ್ಕಂಡಿದ್ದು, ಬೇಕಾರೆ ತಗಂಡ್ ಹೋಗಿ."

ಬೆಲ್ಲ ಕಾಯಿಸುವ ಕಬ್ಬಿಣದ ಕೊಪ್ಪರಿಗೆ ಅದು. ಕಬ್ಬಿನ ಕಾಲ ಬರುವವರೆಗೆ ಅದಕ್ಕೆ ಕೆಲಸವಿರಲಿಲ್ಲ. ಯಾತಕ್ಕೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಕಬ್ಬಿಣದ ಡ್ರಮ್ಮಿನಲ್ಲಿ ಎರಡು ವರ್ಷ ಬಣ್ಣ ಕುದಿಸಿದವಳಿಗೆ ಕಬ್ಬಿಣದ ಬಗ್ಗೆ ಸಂಶಯ ಬರಲಿಲ್ಲ.

ಸೋಮವಾರ ಹತ್ತೂವರೆಗೆ ಒಲೆ ಹೊತ್ತಿತು. ನಲವತ್ತು ಲಡಿ ಎಣಿಸಿ ಗೌರಿಯ ಮುಂದಿಟ್ಟೆ. ಕಲಕುವ ಸರದಿ ಅವಳದು. ಅವಳು ಕೊಪ್ಪರಿಗೆಯ ಅಂಚನ್ನು ಉಗುರಿನಿಂದ ಕೆರೆದು ನೋಡಿದಳು.

"ಅಕ್ಕೋರೆ, ಇದು ಕಬ್ಣ."

"ಗೊತ್ತೈತಿ."

"ಕಬ್ಣಕ್ಕೆ ಚೊಗರು ಹಾಕ್‌ಬಾರ್ದು ಅಕ್ಕೋರೆ, ನಮ್ಮನೇಲಿ..."

"ಗೌರೀ, ಈಗ ಎಷ್ಟು ಗಂಟೆ?"

ಅವಳು ಕಲಕುವ ಕೋಲು ಕೈಗೆತ್ತಿಕೊಂಡಳು.

"ಹೇಳೂದು ಏನಿದ್ರೂ ನಾಲ್ಕಕ್ಕ. ಈಗ ಕೆಲಸ ನೋಡು."

ನಾನು ಮಗ್ಗದ ಕಡೆ ಹೋದೆ. ಮಧ್ಯಾಹ್ನದ ಊಟ ಮುಗಿಸಿ ಮೂರು ಗಂಟೆಗೆ ಬಂದು ಮುಚ್ಚಳ ತೆಗೆಸಿದೆ. ಕೆಂಪಿನ ಗುರುತೂ ಇಲ್ಲ. ಕಪ್ಪು. ಅದೂ ಚೆಂದದ ಕಪ್ಪಲ್ಲ, ಒಲೆ ಒರೆಸಿದ ಮಸಿಬಟ್ಟೆಯಂತೆ ಅಲ್ಲಲ್ಲಿ ಬೂದಿ, ಅಲ್ಲಲ್ಲಿ ಇದ್ದಿಲು. ಆರು ವಾರಕ್ಕೆ ಬಣ್ಣ ಹಾಕಲೆಂದು ಸರಕಾರ ಕೊಟ್ಟ ನೂಲೆಲ್ಲ ಅದೇ. ಏನು ಮಾಡುವುದೆಂದು ತಿಳಿಯದಾಗ ಎಣಿಸುವುದು ನನ್ನ ಅಭ್ಯಾಸ. ಎಣಿಸಿದೆ. ಮೂವತ್ತೊಂಬತ್ತು. ಮತ್ತೆ ಎಣಿಸಿದೆ. ಮೂವತ್ತೊಂಬತ್ತೇ.

"ಒಂದು ಲಡಿ ಎಲ್ಲಿ?"

ಗೌರಿ ನೆಲ ನೋಡಿದಳು. "ಅದೆ ಅಕ್ಕೋರೆ. ನಾಳೆ ತೋರಸ್ತೆ."

"ನಾಳೆ ಯಾಕ? ಎಲ್ಲೈತಿ ಹೇಳು."

"ಈಗ ತೆಗೆದ್ರೆ ಹಾಳಾಗ್ತದೆ. ನಾಳೆ..."

ಆಮೇಲೆ ನಾನು ಆಡಿದ ಮಾತನ್ನು ಹಾಗೇ ಬರೆಯುತ್ತೇನೆ. "ಮೂವತ್ತೊಂಬತ್ತು ಲಡಿ ಕೆಡಿಸಿದ್ದು ಸಾಲದು ಅಂತ ಒಂದು ಕದ್ದೂ ಇಟ್ಟಿಯೇನು? ಕಳ್ಳರಿಗೆ ನನ್ನ ಮಗ್ಗದಾಗ ಜಾಗ ಇಲ್ಲ. ಎದ್ದು ಹೋಗು." ಹದಿನೇಳು ಮಕ್ಕಳು ಕೇಳಿಸಿಕೊಂಡರು. ಗೌರಿ ಕೈಯ ಕೋಲನ್ನು ಕೊಪ್ಪರಿಗೆಗೆ ಒರಗಿಸಿ, ಸೆರಗಿಗೆ ಕೈ ಒರೆಸಿ, ಹೋದಳು. ಮರುದಿನ ಹಾಜರಿಯಲ್ಲಿ ಅವಳ ಹೆಸರಿನ ಮುಂದೆ ಗೈರು ಎಂದು ಬರೆದೆ. ಮಂಗಳವಾರ, ಬುಧವಾರ, ಗುರುವಾರ, ಶುಕ್ರವಾರ, ಶನಿವಾರ. ಐದು ಗೈರು. ನಾಲ್ಕಕ್ಕಿಂತ ಹೆಚ್ಚು ಗೈರಾದವರನ್ನು ಧಾರವಾಡಕ್ಕೆ ಆರಿಸುವಂತಿಲ್ಲವೆಂದು ನಿಯಮವಿತ್ತು. ಅದೂ ನನಗೆ ಗೊತ್ತಿತ್ತು.

ಶನಿವಾರ ಚಪ್ಪರದ ಸುತ್ತ ಗುಡಿಸುವ ದಿನ. ಹಿಂದಿನ ಕಟ್ಟಿಗೆ ರಾಶಿಯನ್ನು ಸರಿಸುವಾಗ ಒಂದು ಮಣ್ಣಿನ ಮಡಕೆ ಸಿಕ್ಕಿತು. ಬಾಯಿಗೆ ಬಾಳೆ ಎಲೆ ಕಟ್ಟಿತ್ತು. ಬಿಚ್ಚಿದೆ. ಒಳಗೆ ಚೊಗರು, ಅದರಲ್ಲಿ ಮುಳುಗಿ ಒಂದು ಲಡಿ. ಹಿಂಡಿ ಎತ್ತಿದರೆ ಹಣ್ಣಾದ ಮುರುಗಲ ಸಿಪ್ಪೆಯಂಥ ಕೆಂಪು. ಎಲ್ಲೂ ಕಲೆಯಿಲ್ಲ. ಅದು ಕದ್ದದ್ದಲ್ಲ, ಉಳಿಸಿದ್ದು.

ಮಕ್ಕಳನ್ನು ಕೇಳಿದೆ. "ಕಬ್ಬಿಣದಾಗ ಚೊಗರು ಕರ್ರಗಾಗತೈತಿ ಅಂತ ನಿಮಗ ಗೊತ್ತಿತ್ತೇನು?"

ಒಬ್ಬರ ಮುಖ ಒಬ್ಬರು ನೋಡಿದರು. ಭಟ್ಟರ ಸಾವಿತ್ರಿ ಮೆಲ್ಲನೆ, "ಎಲ್ಲರಿಗೂ ಗೊತ್ತಿತ್ತು ಅಕ್ಕೋರೆ. ಅದಕ್ಕೇ ಅಡಿಕೆ ತಾಮ್ರದಲ್ಲೇ ಬೇಯಿಸ್ತ" ಎಂದಳು.

"ಮತ್ತ ಯಾರೂ ಯಾಕ ಹೇಳಲಿಲ್ಲ?"

"ನಾಲ್ಕು ಗಂಟೆ ಇನ್ನೂ ಆಗಿತ್ತಿಲ್ಲೆ."

ಅವಳು ಹಾಸ್ಯಕ್ಕೆ ಹೇಳಿದ್ದಲ್ಲ. ಹೇಳಿಕೊಟ್ಟದ್ದನ್ನು ಒಪ್ಪಿಸಿದಳು, ಅಷ್ಟೆ.

ಭಾನುವಾರ ಬೆಳಿಗ್ಗೆ ಆ ಲಡಿಯನ್ನು ಕಾಗದದಲ್ಲಿ ಸುತ್ತಿಕೊಂಡು ಗೌರಿಯ ಮನೆಗೆ ನಡೆದೆ. ಎರಡು ಮೈಲು. ದ್ಯಾವಮ್ಮ ಜಗಲಿಯಲ್ಲಿ ಕೂತು ಭತ್ತ ಕೇರುತ್ತಿದ್ದಳು. ನಾನು ಬಂದದ್ದು ಕಂಡೂ ಮೊರ ನಿಲ್ಲಿಸಲಿಲ್ಲ. ಗೌರಿ ಬಾಗಿಲ ಸಂದಿನಲ್ಲಿ ನಿಂತಿದ್ದಳು. ನಾನು ಲಡಿ ತೋರಿಸಿ, ತಪ್ಪು ನನ್ನದು, ಮಗಳನ್ನು ನಾಳೆಯಿಂದ ಕಳಿಸು ಎಂದೆ.

ದ್ಯಾವಮ್ಮ ಮೊರ ಕೆಳಗಿಟ್ಟಳು. "ಅಷ್ಟು ಮಕ್ಳ ಎದ್ರಿಗೆ ಕಳ್ಳಿ ಅಂದ್ರಿ. ಈಗ ನನ್ನ ಜಗಲಿಗೆ ಬಂದು ಅಲ್ಲ ಅಂತೀರಿ. ಇಲ್ಲಿ ಕೇಳೂಕೆ ಕೋಳಿ ಬಿಟ್ರೆ ಯಾರಿದಾರೆ ಅಕ್ಕೋರೆ?"

ನಾನು ಲಡಿಯನ್ನು ಮತ್ತೆ ಕಾಗದದಲ್ಲಿ ಸುತ್ತಿದೆ.

"ಆ ಮಕ್ಳು ಮನೆಗೆ ಹೋಗಿ ಹೇಳಿದ್ವು. ಭಟ್ರ ಮನೇಲಿ ನಂಗೆ ಎರಡು ದಿನ ಮಾತಿಲ್ಲ, ಮೂರನೇ ದಿನ ಸುಲಿಯೂಕೆ ಮೆಟ್ಟುಗತ್ತಿ ಇಲ್ಲ. ಕಳ್ಳಿ ತಾಯಿಗೆ ಅಡಿಕೆ ರಾಶಿ ತೋರಸೂರು ಯಾರು? ಬಣ್ಣ ಹಾಕೂದು ನಿಮಗೇ ಗೊತ್ತಲ್ಲ. ಮೈಮೇಲೆ ಹಾಕಿದ್ದನ್ನ ಎಲ್ಲಿ ಹಾಕಿದ್ರೋ ಅಲ್ಲೇ ತೊಳೀರಿ."

ಸೋಮವಾರ ಬೆಳಿಗ್ಗೆ ಮಕ್ಕಳ ಮುಂದೆ ಹೇಳಿದೆ. ಅದು ಸುಲಭವಾಯಿತು, ಮಕ್ಕಳು ಬೇಗ ಕ್ಷಮಿಸುತ್ತಾರೆ. ಮಧ್ಯಾಹ್ನ ಗೌರಿ, ದ್ಯಾವಮ್ಮರನ್ನು ಕರೆದುಕೊಂಡು ಭಟ್ಟರ ಅಂಗಳಕ್ಕೆ ಹೋದೆ. ಇಪ್ಪತ್ತೈದು ಮೂವತ್ತು ಹೆಂಗಸರು ಸಾಲಾಗಿ ಕೂತು ಅಡಿಕೆ ಸುಲಿಯುತ್ತಿದ್ದರು. ಕತ್ತಿಗಳ ಸದ್ದು, ನಗು, ಯಾರದೋ ಸೊಸೆಯ ಸುದ್ದಿ. ದ್ಯಾವಮ್ಮನನ್ನು ಕಂಡು ಎಲ್ಲ ನಿಂತಿತು. ನಾನು ನಿಂತುಕೊಂಡು ಹೇಳಿದೆ: ಗೌರಿ ಏನನ್ನೂ ಕದಿಯಲಿಲ್ಲ. ಚೊಗರನ್ನು ಕಬ್ಬಿಣಕ್ಕೆ ಹಾಕಿ ನೂಲು ಕೆಡಿಸಿದವಳು ನಾನು. ಅವಳು ಬೇಡವೆಂದಳು, ನಾನು ಕೇಳಲಿಲ್ಲ.

ಒಳಗಿನಿಂದ ಭಟ್ಟರ ತಾಯಿ ಗೋಡೆ ಹಿಡಿದು ಬಂದರು.

"ತಂಗೀ, ಇನ್ನೊಂದ್ಸಲ ಹೇಳು. ಆ ಮೂಲೆಯವ್ಕೆ ಕೇಳಿದ್ದಿಲ್ಲೆ."

ಮೂಲೆಯವರಿಗೆ ಕೇಳಿಸಿತ್ತೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ಗಂಟಲು ಏರಿಸಿ ಇನ್ನೊಮ್ಮೆ ಹೇಳಿದೆ. ಅಡಿಕೆ ಸುಲಿಯುತ್ತಿದ್ದವಳೊಬ್ಬಳು ಪಕ್ಕದವಳಿಗೆ, "ಕಬ್ಣಕ್ಕೆ ಚೊಗರು ಹಾಕಿದ್ರಂತೆ ಮಾರಾಯ್ತಿ! ಅಷ್ಟು ಓದಿದೋರು!" ಎಂದಳು. ನಗು ಸಾಲಿನುದ್ದಕ್ಕೂ ಓಡಿತು. ಆ ನಗು ನನಗೆ ತಣ್ಣೀರು ಹೊಯ್ದಂತೆ ಹಿತವಾಯಿತು. ಭಟ್ಟರು ಜಗಲಿಯಿಂದ ಇಳಿದು, "ದ್ಯಾವಮ್ಮಂಗೆ ಬರಬ್ಯಾಡ ಹೇಳಿ ಆನು ಹೇಳಿದ್ನಿಲ್ಲೆ ಅಕ್ಕೋರೆ, ಸುದ್ದಿ ಬಂತು ಹೇಳಿ ಆನು ಸುಮ್ನಿದ್ದಿದ್ದಿ" ಎಂದು ತೊದಲಿದರು. ಅಜ್ಜಿ ಅವರ ಕಡೆ ತಿರುಗಿಯೂ ನೋಡದೆ, "ಯಾರಾದ್ರೂ ದ್ಯಾವಮ್ಮಂಗೆ ಒಂದು ಮೆಟ್ಟುಗತ್ತಿ ಕೊಡಿ" ಎಂದರು. ದ್ಯಾವಮ್ಮ ಕೂತು ಸುಲಿಯತೊಡಗಿದಳು. ಗೌರಿ ನನ್ನ ಜೊತೆ ಚಪ್ಪರಕ್ಕೆ ಬಂದಳು.

ಆ ಕಪ್ಪು ನೂಲನ್ನು ಎಸೆಯಲಿಲ್ಲ. ಬಿಳಿಯ ಹಾಸಿನಲ್ಲಿ ಅದನ್ನೇ ಹೊಕ್ಕಾಗಿ ನೇಯಿಸಿದೆ. ಹದಿನೇಳು ಮಕ್ಕಳ ಹದಿನೇಳು ಮೊಳ ಮಸಿಬಣ್ಣ. ತಡವಾಗಿ ಬಂದ ಗೌರಿಯ ಮೊಳ ಕೊನೆಯದು. ಅವಳಿಗೆ ಅವಳ ಲಡಿಯನ್ನೇ ಕೊಟ್ಟೆ. ಹಾಜರಿ ಪುಸ್ತಕದ ಐದು ಗೈರಿನ ಮುಂದೆ, "ಇದು ಶಿಕ್ಷಕಿಯ ತಪ್ಪಿನಿಂದ ಆದದ್ದು" ಎಂದು ಬರೆದು ಸಹಿ ಹಾಕಿದೆ. ಒಮ್ಮೆ ಬರೆದ ಹಾಜರಿಯ ಮೇಲೆ ನಾನು ಪೆನ್ನಿಟ್ಟದ್ದು ಇಡೀ ನೌಕರಿಯಲ್ಲಿ ಅದೊಂದೇ ಸಲ.

ಕೊನೆಯ ದಿನ ಅಧಿಕಾರಿಗಳ ಜೀಪು ಅರಬೈಲ್ ಘಟ್ಟದಲ್ಲಿ ಕೆಟ್ಟು ನಿಂತು, ಅವರು ಬಂದಾಗ ಮೂರು ಗಂಟೆ. ಬಟ್ಟೆಯನ್ನು ಚಪ್ಪರದ ಉದ್ದಕ್ಕೂ ಕಟ್ಟಿದ್ದೆವು. ಕಪ್ಪನ್ನೆಲ್ಲ ದಾಟಿ ನಡೆದು ಅವರು ಕೆಂಪಿನ ಮುಂದೆ ನಿಂತರು.

"ಇದೊಂದು ಯಾಕೆ ಬೇರೆ ಥರ ಇದೆ? ಯಾರದ್ದು?"

"ನಂದು ಸಾಹೇಬ್ರೆ," ಗೌರಿ ಎಂದಳು. "ಉಳಿದದ್ದು ಕಬ್ಣದಲ್ಲಿ ಕುದಿಸಿದ್ದು. ಇದು ಮಡಕೇಲಿ ಇಟ್ಟದ್ದು."

"ಕಬ್ಬಿಣದಲ್ಲಿ ಕೆಡತ್ತೆ ಅಂತ ನಿಂಗೆ ಮೊದ್ಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ನಿಮ್ಮ ಮೇಡಮ್‌ಗೆ ಹೇಳ್ಲಿಲ್ವೇನಮ್ಮಾ?"

ಗೌರಿ ನನ್ನ ಕಡೆ ನೋಡಿದಳು. ಅವಳು ನನ್ನನ್ನು ಉಳಿಸಲು ಸುಳ್ಳು ಹೇಳಿದರೆ ಏನು ಮಾಡಲಿ ಎಂದು ನನಗೆ ಭಯವಾಯಿತು. ಅವಳು ಸುಳ್ಳು ಹೇಳಲಿಲ್ಲ.

"ಹೇಳಿದ್ದೆ ಸಾಹೇಬ್ರೆ."

"ಹೌದ್ರಿ, ಹೇಳಿದ್ಲು," ಎಂದೆ ನಾನು. "ನಾನು ಬಾಯಿ ಮುಚ್ಚಿಸಿದೆ. ಆಮ್ಯಾಲೆ ಕಳ್ಳಿ ಅಂತ ಹೊರಗ ಹಾಕಿದೆ. ಹಾಜರಿಯೊಳಗ ಬರದೀನ್ರಿ."

ಅವರು ಹಾಜರಿ ಪುಸ್ತಕ ತರಿಸಿ ಆ ಪುಟವನ್ನು ಬಹಳ ಹೊತ್ತು ನೋಡಿದರು. "ಇಂಥ ಷರಾಕ್ಕೆ ನಮ್ಮ ನಿಯಮದಲ್ಲಿ ಜಾಗಾನೇ ಇಲ್ವಲ್ರೀ" ಎಂದರು. ಆಮೇಲೆ ಪೆನ್ನು ತೆಗೆದು ನನ್ನ ಕೆಲಸದ ಬಗ್ಗೆ ಎರಡು ಸಾಲು ಬರೆದರು. ಅವು ಒಳ್ಳೆಯ ಸಾಲುಗಳಲ್ಲ; ನನ್ನ ಸೇವಾ ಪುಸ್ತಕದಲ್ಲಿ ಕೊನೆಯವರೆಗೂ ಇದ್ದವು. ಅದರ ಕೆಳಗೆ, ಐದು ಗೈರುಗಳನ್ನು ಲೆಕ್ಕಕ್ಕೆ ಹಿಡಿಯತಕ್ಕದ್ದಲ್ಲ ಎಂದೂ ಬರೆದರು. ಧಾರವಾಡಕ್ಕೆ ಹೋಗುವವರ ಹೆಸರಿನ ಜಾಗದಲ್ಲಿ ಗೌರಿಯ ಹೆಸರನ್ನು ಅವರೇ ತುಂಬಿದರು.

ಆಮೇಲೆ ನಾನು ಮೂರೂ ತಾಲೂಕುಗಳಲ್ಲಿ ಎಷ್ಟೋ ಶಿಬಿರ ಮಾಡಿದೆ. ಗಂಟೆ ಬಿಡಲಿಲ್ಲ, ಎಣಿಸುವುದನ್ನೂ ಬಿಡಲಿಲ್ಲ. ಪ್ರಶ್ನೆಗಳ ಸಮಯವನ್ನು ಮಾತ್ರ ಕೈಬಿಟ್ಟೆ. ಒಲೆ ಹೊತ್ತಿಸುವ ಮೊದಲು, ಇದರಲ್ಲಿ ನಾನು ಏನು ತಪ್ಪು ಮಾಡುತ್ತಿದ್ದೇನೆ ಎಂದು ಮಕ್ಕಳನ್ನೇ ಕೇಳುವುದು ಅಭ್ಯಾಸವಾಯಿತು. ಹತ್ತರಲ್ಲಿ ಎಂಟು ಸಲ ಏನೂ ಇರುತ್ತಿರಲಿಲ್ಲ. ಉಳಿದ ಎರಡು ಸಲ ನೂಲು ಉಳಿಯುತ್ತಿತ್ತು. ಮಕ್ಕಳು ಯಾಕೆ ಮಾತು ಕೇಳುವುದಿಲ್ಲ ಎನ್ನುವ ಹುಡುಗಿಯರಿಗೆ ನನ್ನ ಬಳಿ ಇರುವ ಉತ್ತರ ಇದು: ನನ್ನ ಮಕ್ಕಳು ಮಾತು ಕೇಳಿದ್ದರಿಂದಲೇ ಮೂವತ್ತೊಂಬತ್ತು ಲಡಿ ಕೆಟ್ಟವು.

ಗೌರಿ ಧಾರವಾಡಕ್ಕೆ ಹೊರಟ ದಿನ ಅವಳನ್ನು ಹುಬ್ಬಳ್ಳಿ ಬಸ್ಸಿಗೆ ಹತ್ತಿಸಲು ಯಲ್ಲಾಪುರಕ್ಕೆ ನಾನೂ ಹೋಗಿದ್ದೆ. ಅವಳು ಕಿಟಕಿಯ ಪಕ್ಕ ಕೂತಿದ್ದಳು, ಮಡಿಲಲ್ಲಿ ಬಟ್ಟೆಯ ಗಂಟು. ದ್ಯಾವಮ್ಮ ಕೆಳಗಿನಿಂದ ಕಿಟಕಿಯ ಸರಳು ಹಿಡಿದು ನಿಂತಿದ್ದಳು. ಗೌರಿ ಸಣ್ಣ ದನಿಯಲ್ಲಿ ಕೇಳಿದಳು:

"ಅಬ್ಬೇ, ಅಲ್ಲಿ ಅಕ್ಕೋರು ಬೈದ್ರೆ?"

"ಬೈದ್ರೆ ಬೈಸ್ಕ. ಕಲಿಸೋರು ಬೈತಾರೆ," ಎಂದಳು ದ್ಯಾವಮ್ಮ. ಪಕ್ಕದಲ್ಲಿ ನಿಂತಿದ್ದ ನನ್ನನ್ನು ಒಮ್ಮೆ ನೋಡಿ, ದನಿ ತಗ್ಗಿಸದೆ ಮುಗಿಸಿದಳು: "ಕಳ್ಳಿ ಅಂದ್ರೆ ಮಾತ್ರ ಆ ಗಳಿಗೇಲೆ ಎದ್ದು ಮನೆಗೆ ಬಾ. ನಾ ಬಂದು ಮಾತಾಡ್ತೆ."

ಬಸ್ಸು ಹೊರಟಿತು. ನಾವಿಬ್ಬರೂ ಒಂದೇ ದಾರಿಯಲ್ಲಿ ಉಮ್ಮಚಗಿಗೆ ಹಿಂದಿರುಗಬೇಕಿತ್ತು. ಸ್ವಲ್ಪ ದೂರದವರೆಗೆ ದ್ಯಾವಮ್ಮ ಮುಂದೆ, ನಾನು ಹಿಂದೆ. ಆಮೇಲೆ ಅವಳು ನಿಂತು, ನಾನು ಜೊತೆಗೂಡುವವರೆಗೆ ಕಾದಳು.